ಒಂದು ಕೈ ಖಾಲಿ ಇರಬೇಕು

ನನ್ನ ಭಾವ, ಎಂದರೆ ಅಕ್ಕನ ಗಂಡ, ಸನ್ಯಾಸ ತೆಗೆದುಕೊಂಡಿದ್ದರೆ ಕಮಂಡಲ ಭಾರವಾಯಿತೆಂದು ಅದನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಎಷ್ಟೇ ಸಾಮಾನಿರಲಿ, ಒಂದು ಕೈ ಖಾಲಿ ಇರಬೇಕು ಎಂಬುದು ಅವರ ನಿಯಮ. ಠಾಣೆಯ ನೌಪಾಡಾ ಪೇಟೆಯಲ್ಲಿ ಖರೀದಿಗೆ ಹೋದರೆ ಅವರ ಬಲಗೈಯಲ್ಲಿ ಒಂದು ಚೀಲ. ಉಳಿದವೆಲ್ಲ ನನ್ನ ಎರಡು ಕೈಗಳಲ್ಲಿ. ಎಡಗೈ ಬೀಸಿಕೊಂಡು ಅಕ್ಕನ ಪಕ್ಕ ನಡೆಯುತ್ತಾರೆ. ನನ್ನ ಕೈಗಳಿಗೆ ಈ ನಿಯಮ ಇಲ್ಲವೇ ಎಂದು ಕೇಳಿದರೆ, "ನಿನಗೆ ಮದುವೆಯಾಗಲಿ, ಆಮೇಲೆ ನೋಡುವ" ಎನ್ನುತ್ತಾರೆ.

ಅವರದು ಹೋಟೆಲುಗಳಿಗೆ ರುಬ್ಬುವ ಯಂತ್ರ ಮಾರುವ ಕಂಪನಿ. ಅದು ಅವರನ್ನು ಮೊದಲ ಬಾರಿಗೆ ಮಸ್ಕತ್ತಿಗೆ ಕಳಿಸಲು ಒಪ್ಪಿತು. ವರ್ಷಗಟ್ಟಲೆ ಕಾದ ಅವಕಾಶ. ಅಕ್ಕ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು. ಭಾವ ಅದನ್ನು ಮತ್ತೆ ಮೇಲೇರಿಸಿ, ಆಫೀಸಿಗೆ ಒಯ್ಯುವ ನೀಲಿ ಬ್ಯಾಗಿನಲ್ಲಿ ಒಂದು ಪ್ಯಾಂಟು, ಎರಡು ಅಂಗಿ ಇಟ್ಟರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಅರ್ಧಕ್ಕೆ ಕೊಯ್ದರು.

"ಪರದೇಶದಲ್ಲಿ ಅರ್ಧ ಬ್ರಷ್ಷಿನಲ್ಲಿ ಹಲ್ಲುಜ್ಜುವುದಾ?" ಎಂದಳು ಅಕ್ಕ.

"ಹಲ್ಲು ತೋರಿಸಲಿಕ್ಕೆ ಹೋಗುವುದಲ್ಲ, ಗ್ರೈಂಡರ್ ತೋರಿಸಲಿಕ್ಕೆ."

ಹೊರಡುವ ಹಿಂದಿನ ದಿನ ಬ್ಯಾಗಿಗೆ ಪರೀಕ್ಷೆ. ಡೊಂಬಿವಲಿಯಲ್ಲಿ ಆಫೀಸ್ ಹೊತ್ತಿನ ಫಾಸ್ಟ್ ಲೋಕಲ್ ರೈಲು ಹತ್ತಿ ಠಾಣೆಯಲ್ಲಿ ಇಳಿಯಲು ಸಾಧ್ಯವಾದರೆ, ಆ ಬ್ಯಾಗು ಜಗತ್ತಿನ ಯಾವ ಊರಿಗೂ ಹೋಗಬಹುದಂತೆ. ತೂಕ ಸರಿಯಾಗಿರಲಿ ಎಂದು ಪಾಸ್‌ಪೋರ್ಟು, ಟಿಕೆಟ್ಟು ಕೂಡ ಒಳಗೇ ಇಟ್ಟರು. ಸಾಕ್ಷಿಗೆಂದೇ ನನ್ನನ್ನು ನಾನಿರುವ ಕೋಪರಖೈರಣೆಯಿಂದ ಕರೆಸಿಕೊಂಡಿದ್ದರು, ಹೋಗಲೇಬೇಕಾಯಿತು.

ರೈಲಿನ ಡಬ್ಬಿಯೊಳಗೆ ನುಗ್ಗಿದ ಕೂಡಲೇ ಅವರ ಕೈ, ದಿನನಿತ್ಯದ ಅಭ್ಯಾಸದಂತೆ, ಬ್ಯಾಗನ್ನು ಮುಂದಿನವರಿಗೆ ಕೊಟ್ಟಿತು. ಅದು ಕೈಯಿಂದ ಕೈಗೆ ಸಾಗಿ ಮೇಲಿನ ರ‍್ಯಾಕ್ ಸೇರಿತು. ನಾನು ಕಣ್ಣಾರೆ ನೋಡಿದೆ. ಲೋಕಲಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಹಾಗಾಗಿ ನನಗೂ ಏನೂ ಅನ್ನಿಸಲಿಲ್ಲ.

ಠಾಣೆ ಬಂತು. ಭಾವ ಸಲೀಸಾಗಿ ಇಳಿದರು. ಹತ್ತುವವರು ನನ್ನನ್ನು ಮತ್ತೆ ಒಳಕ್ಕೆ ತಳ್ಳಿದರು. ಪ್ಲಾಟ್‌ಫಾರ್ಮಿನಿಂದ ಅವರು ಎರಡೂ ಕೈ ಎತ್ತಿ ಕೂಗಿದರು: "ನೋಡಿದಿಯಾ, ಭಾರವೇ ಗೊತ್ತಾಗಲಿಲ್ಲ!"

ಎರಡೂ ಕೈ. ಎರಡೂ ಖಾಲಿ. ಗಾಡಿ ಹೊರಟಿತು, ಅವರ ಮುಖ ಬಣ್ಣಗೆಡುವುದು ಕಂಡಿತು.

"ಆ ನೀಲಿ ಬ್ಯಾಗು ಕೊಡಿ, ಅದರವರು ಇಳಿದು ಹೋದರು" ಎಂದು ನಾನು ಹಿಂದಿಯಲ್ಲಿ ಕೂಗಿದೆ. ಕೂಗಬಾರದಿತ್ತು. ವಾರಸುದಾರರಿಲ್ಲದ ಬ್ಯಾಗೆಂದರೆ ಬಾಂಬೆಂದು ಜನ ನಡುಗುತ್ತಿದ್ದ ವರ್ಷಗಳು ಅವು. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ, ಆ ಬ್ಯಾಗಿನ ಕೆಳಗೆ ಒಂದು ಚಾಪೆ ಹಾಸುವಷ್ಟು ಜಾಗ ಎಲ್ಲಿಂದ ಬಂತು?

"ಅಂದರ್ ಕ್ಯಾ ಹೈ?" ಒಬ್ಬರು ನನ್ನ ತೋಳು ಹಿಡಿದು, ಒಳಗೇನಿದೆ ಎಂದು ಕೇಳಿದರು.

ನಾನು ಪಟ್ಟಿ ಒಪ್ಪಿಸಿದೆ: "ಏಕ್ ಪ್ಯಾಂಟ್, ದೋ ಶರ್ಟ್, ಪಾಸ್‌ಪೋರ್ಟ್, ಆಧಾ ಬ್ರಷ್."

"ಆಧಾ? ಬಾಕಿ ಆಧಾ ಕಿಧರ್ ಹೈ?"

"ಘರ್ ಪೆ." ಉಳಿದರ್ಧ ನಿಜಕ್ಕೂ ಮನೆಯಲ್ಲೇ ಇತ್ತು.

ಧೈರ್ಯಸ್ಥರೊಬ್ಬರು ಜಿಪ್ ಎಳೆದರು. ಮೊದಲು ಹೊರಬಂದದ್ದೇ ಆ ಮೋಟು ಬ್ರಷ್ಷು. ಡಬ್ಬಿಯೆಲ್ಲ ನಕ್ಕಿತು. ನಗುತ್ತಲೇ ಬ್ಯಾಗನ್ನು ಕೈಯಿಂದ ಕೈಗೆ ದಾಟಿಸಿ ನನಗೆ ತಲುಪಿಸಿದರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಅದನ್ನು ಎದೆಗೆ ಅವಚಿಕೊಂಡು ಠಾಣೆಗೆ ಮರಳಿದೆ. ಭಾವ ಬೆಂಚಿನ ಮೇಲೆ ಕುಳಿತಿದ್ದರು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು. ಬ್ಯಾಗು ಕೊಟ್ಟೆ. ಪಾಸ್‌ಪೋರ್ಟನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೆ ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು.

"ಎಲ್ಲರ ಹಾಗೆ ಒಂದು ಸೂಟ್‌ಕೇಸ್ ಒಯ್ದರೆ ನಿಮ್ಮ ಗಂಟೇನು ಹೋಗುತ್ತದೆ ಭಾವ?"

ಅವರು ಪ್ಲಾಟ್‌ಫಾರ್ಮಿನ ಅಂಚನ್ನು ನೋಡುತ್ತಿದ್ದರು. "ನಿನ್ನ ಅಕ್ಕ ಬಿದ್ದದ್ದು ಇಲ್ಲೇ ಅಲ್ಲವಾ?"

ಹೌದು. ಲೋಕಲಿನಿಂದ ಇಳಿಯುವಾಗ ಅಕ್ಕನ ಕಾಲು ಜಾರಿತ್ತು. ಅಂದಿನಿಂದ ಅವಳು ಎಡಗಾಲನ್ನು ಸ್ವಲ್ಪ ಎಳೆದೇ ನಡೆಯುತ್ತಾಳೆ.

"ಜಾರುವಾಗ ನನ್ನ ಕಡೆ ಕೈ ಚಾಚಿದಳು ಮಾರಾಯ. ನನ್ನ ಎರಡೂ ಕೈಯಲ್ಲಿ ಸೂಟ್‌ಕೇಸ್ ಇತ್ತು."

ಮರುದಿನ ಅವರನ್ನು ಕಳಿಸಲು ವಿಮಾನ ನಿಲ್ದಾಣಕ್ಕೆ ಹೋದೆವು. ಭಾವನ ಬಲಗೈಯಲ್ಲಿ ನೀಲಿ ಬ್ಯಾಗು, ಎಡಗೈಯಲ್ಲಿ ಅಕ್ಕನ ಕೈ. ಬಾಗಿಲಲ್ಲಿ ಕಾವಲಿನವನು ಪಾಸ್‌ಪೋರ್ಟು ಕೇಳಿದ. ಜೇಬಿನಿಂದ ತೆಗೆಯಲು ಒಂದು ಕೈ ಬೇಕಿತ್ತು.

ಭಾವ ಬ್ಯಾಗನ್ನು ನೆಲಕ್ಕಿಟ್ಟರು.