ಡಕಾಯಿತನ ಮನೆ ಮನೆ ಭೇಟಿ

ನಮ್ಮ ಚಿಗವ್ವ ವಾರಕ್ಕೊಮ್ಮೆ ಡಕಾಯಿತಿಗೆ ಹೊರಡುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನನಗೂ ಅನುಮಾನವೇ, ಆಕೆ ಏನನ್ನಾದರೂ ದೋಚಿದ್ದನ್ನು ನಾನಿನ್ನೂ ನೋಡಿಲ್ಲ!

ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಅರಕೇರಾದಲ್ಲಿ ಸರ್ಕಾರಿ ಶಾಲೆಯ ಟೀಚರ್. ಇರುವುದು ದೇವದುರ್ಗದ ಬಾಡಿಗೆ ಕೋಣೆಯಲ್ಲಿ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ರಾಯಚೂರಿನ ನಮ್ಮ ಮನೆಗೆ ಬಂದವಳೇ ನನ್ನ ವಿಡಿಯೋ ಗೇಮಿನ ಮುಂದೆ ಕೂಡುತ್ತಾಳೆ. ಆಟದ ನಾಯಕ ಅಮೆರಿಕದ ಹಳೇ ಕಾಲದ ಡಕಾಯಿತ. ಟೋಪಿ, ಪಿಸ್ತೂಲು, ಕುದುರೆ ಎಲ್ಲ ಇದೆ. ರೈಲು ತಡೆಯಬೇಕು, ಬ್ಯಾಂಕು ಒಡೆಯಬೇಕು. ದಿನಚರಿ ಬರೆಯುವ ಚಟದವನಾದ ನಾನು ಲೆಕ್ಕ ಇಟ್ಟಿದ್ದೇನೆ: ಲೂಟಿ ಸೊನ್ನೆ, ಕುದುರೆಯ ಮೈ ತಿಕ್ಕಿದ್ದು ನಲವತ್ತೊಂದು ಸಲ. ಈಕೆ ಆಟ ಆಡುತ್ತಿದ್ದಾಳೋ, ಸಂಸಾರ ಮಾಡುತ್ತಿದ್ದಾಳೋ?

ಆ ಡಕಾಯಿತನಿಗೆ ಹಸಿವಾಗುತ್ತದೆ, ಚಳಿ ಹತ್ತುತ್ತದೆ, ಊಟ ತಪ್ಪಿದರೆ ಸೊರಗುತ್ತಾನೆ. ಚಿಗವ್ವ ಸುಮ್ಮನಿರುತ್ತಾಳೆಯೇ? ಬೆನ್ನ ಹಿಂದೆ ಪೊಲೀಸರು ಗುಂಡು ಹಾರಿಸುತ್ತಿದ್ದರೂ ಕುದುರೆ ನಿಲ್ಲಿಸಿ ಒಲೆ ಹೂಡಿದಳು.

"ಉಪಾಸ ಸಾಯೋದಕ್ಕಿಂತ ಉಂಡು ಸಾಯ್ಲಿ ಬಿಡಲೇ."

ಸತ್ತ. ಹೊಟ್ಟೆ ತುಂಬ ಉಂಡೇ ಸತ್ತ.

ಬೀಗ ಬಿದ್ದ ಮನೆ ಕಂಡರೆ ಬೇರೆ ಡಕಾಯಿತರು ಬಾಗಿಲು ಒದೆಯುತ್ತಾರೆ. ನಮ್ಮವನು ಟೋಪಿ ತೆಗೆದು ನಿಂತು, ಹೊರಟುಹೋಗಿ, ಮತ್ತೆರಡು ಸಲ ಬರುತ್ತಾನೆ! ಏನೂ ತಿಳಿಯದೆ ಚಿಗವ್ವನನ್ನು ಕೇಳಿದೆ. ಅವಳ ಶಾಲೆಯ ಹೆಡ್‌ಮಾಸ್ತರರ ಕಟ್ಟಪ್ಪಣೆಯಂತೆ: ಶಾಲೆ ಬಿಟ್ಟ ಮಗುವಿನ ಮನೆಗೆ ಮೂರು ಸಲ ಹೋಗಬೇಕು, ಮೂರನೇ ಸಲವೂ ಬೀಗವಿದ್ದರೆ ಹಾಜರಿಯಿಂದ ಹೆಸರು ತೆಗೆಯಬೇಕು. ಅರಕೇರಾದಲ್ಲಿ ಅಂಥದ್ದೊಂದು ಮನೆ ಉಳಿದಿತ್ತು. ಐದನೇ ಕ್ಲಾಸಿನ ಹುಡುಗಿ, ದುಡಿಮೆ ಹುಡುಕಿ ಅಪ್ಪ ಅವ್ವನ ಜೊತೆ ಗುಳೆ ಹೋದವಳು ಮರಳಿ ಬಂದಿರಲಿಲ್ಲ. ಚಿಗವ್ವ ಎರಡು ಸಲ ಹೋಗಿ ಬಂದಿದ್ದಳು.

ಅದೇ ಹೊತ್ತಿಗೆ ಆಟದಲ್ಲಿ ಗುಡ್ಡದ ಕೆಳಗೊಂದು ಗುಡಿಸಲು ಸಿಕ್ಕಿತು. ಬಾಗಿಲಿಗೆ ಬೀಗ, ಹಗ್ಗದ ಮೇಲೆ ಒಂದು ಸಣ್ಣ ಲಂಗ. ಅಲ್ಲಿಗೂ ಎರಡು ಸಲ ಹೋಗಿ ಬಂದೆವು. ಮಾನ್ವಿಯಲ್ಲಿ ನನ್ನ ಗೆಳೆಯನೊಬ್ಬ ಈ ಆಟದ ಗುಟ್ಟುಗಳನ್ನೆಲ್ಲ ಬಾಯಿಪಾಠ ಮಾಡಿದ್ದಾನೆ. ಮೂರನೇ ಸಲ ಹೋದರೆ ಬಾಗಿಲು ತೆರೆಯುತ್ತದೆ, ಆ ಮನೆಯವರು ಏನಾದರೆಂದು ತಿಳಿಯುತ್ತದೆ ಎಂದು ಫೋನಿನಲ್ಲಿ ಹೇಳಿದ. ಏನಾದರು ಎಂದರೆ ಮಾತ್ರ ಬಾಯಿ ಬಿಡಲಿಲ್ಲ.

ಚಿಗವ್ವನಿಗೆ ಹೇಳಿದೆ. ಗುಡಿಸಲಿನ ತನಕ ಹೋದವಳು ಅಂಗಳದಲ್ಲೇ ನಿಂತು ಕುದುರೆಯ ಮೈ ತಿಕ್ಕಿದಳು. ನಲವತ್ತೆರಡು! ನನ್ನ ತಲೆ ಕೆಟ್ಟಿತು.

"ಬಾಗಿಲಿಗೆ ಯಾಕ ಹೋಗವಲ್ಲಿ ಚಿಗವ್ವಾ?"

"ಕುದುರಿ ದಣದದ."

"ಅರಕೇರಾದ ಮನಿಗರೆ ಮೂರನೇ ಸಲ ಹೋದಿಯೇನು?"

ಆಕೆ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹೋದ್ರ ಹೆಸ್ರು ತೆಗಿಬೇಕಾಗ್ತದಲ್ಲೋ. ಹೋಗಲಿಲ್ಲಂದ್ರ ಆಕಿ ಇನ್ನಾ ನಮ್ಮ ಸಾಲ್ಯಾಗ ಅದಾಳ."

ಆಟದ ರಿಮೋಟು ನನ್ನ ಕೈಗಿಟ್ಟು ಚಹಾ ಮಾಡಲು ಒಳಗೆ ಹೋದಳು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಲಂಗದ ಕಡೆ ನೋಡಿದೆ, ಡಕಾಯಿತನನ್ನು ಹಿಂದಕ್ಕೆ ಕರೆದೆ, ಕುದುರೆಯ ಮೈ ತಿಕ್ಕತೊಡಗಿದೆ.

ನಲವತ್ತಮೂರು.