ಅರಿವಳಿಕೆ ಇಳಿಯುವ ಹೊತ್ತು

ಶಿರಸಿಯ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದ ಮಕ್ಕಳು ಎಚ್ಚರಾಗುವ ಕೋಣೆಯ ನರ್ಸ್ ನಾನು. ಅರಿವಳಿಕೆ ಇಳಿಯುವಾಗ ಮಕ್ಕಳು ಅರ್ಧ ಕನಸಿನಲ್ಲೇ ಇರುತ್ತವೆ. ಹಾಗಾಗಿ ಇಲ್ಲಿ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ.

ಬಸ್ಸು

ಟಾನ್ಸಿಲ್ ತೆಗೆಸಿಕೊಂಡ ಹುಡುಗ. ಕಿಟಕಿಯ ಪರದೆ ಮೆಲ್ಲಗೆ ತೂಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಎದ್ದು ಕೂತು, "ಬಸ್ ನಿಲ್ಸಿ! ಮಂಚಿಕೇರಿ ದಾಟಿ ಹೋತು!" ಎಂದು ಒಡಕು ದನಿಯಲ್ಲಿ ಅಳತೊಡಗಿದ. ಮಲಗಿಸಲು ಹೋದರೆ ಒದೆಯುತ್ತಾನೆ. ಕೊನೆಗೆ ಬಸ್ಸು ನಿಲ್ಲಿಸುವ ಕಂಡಕ್ಟರನಂತೆ ಮಂಚದ ಕಂಬಿಗೆ ತಟ್ಟಿ "ಹೋಲ್ಡಾನ್!" ಎಂದೆ. ಸುಮ್ಮನೆ ಒರಗಿದ. ಅಷ್ಟರಲ್ಲಿ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ಹುಡುಗ ಅರೆಗಣ್ಣು ತೆರೆದು ಹೇಳಿದ: "ಬಾಗ್ಲಲ್ಲಿ ನಿಲ್ಲಡಿ, ಒಳಗೆ ಹೋಗಿ."

ಡಾಕ್ಟರು ಒಳಗೆ ಸರಿದರು.

ಮುಖಗಳ ಚಿತ್ರ

ಮಕ್ಕಳಿಗೆ ನೋವು ಎಷ್ಟಿದೆ ಎಂದು ತಿಳಿಯಲು ನಮ್ಮಲ್ಲೊಂದು ಚಿತ್ರವಿದೆ. ನಗುವ ಮುಖದಿಂದ ಶುರುವಾಗಿ ಗೊಳೋ ಎನ್ನುವ ಮುಖದವರೆಗೆ ಸಾಲಾಗಿ ಬಿಡಿಸಿದ್ದು. ಬನವಾಸಿ ಕಡೆಯ ಪುಟ್ಟ ಹುಡುಗಿ, ಕೈ ಮುರಿದು ಸರಿಮಾಡಿಸಿಕೊಂಡವಳು, ಆಗಷ್ಟೇ ಕಣ್ಣು ಬಿಟ್ಟಿದ್ದಳು. "ಯಾವ ಮುಖ ಪುಟ್ಟಿ?" ಎಂದೆ. ಅವಳು ಗೊಳೋ ಎನ್ನುವುದರ ಮೇಲೆ ಬೆರಳಿಟ್ಟಳು. ನಾನು ಗಾಬರಿಯಾಗಿ ಡಾಕ್ಟರನ್ನು ಕರೆಯಲು ತಿರುಗಿದರೆ ಬಾಗಿಲಲ್ಲಿ ತಾಯಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದಾಳೆ.

"ಇದು ನಮ್ಮವ್ವ," ಎಂದಳು ಹುಡುಗಿ. "ಮೊದ್ಲು ಆಕಿಗೆ ಔಷಧಿ ಕೊಡ್ರಿ."

ಒಳ್ಳೆ ಅಕ್ಕ

ಈಗಲೂ ನೆನೆದು ನಗುವುದು ಸಿದ್ದಾಪುರದ ಕಡೆಯ ಮೂರು-ನಾಲ್ಕು ವರ್ಷದ ಒಂದು ಕೂಸಿನ ಪ್ರಸಂಗ. ಹರ್ನಿಯಾ ಆಪರೇಷನ್ ಆಗಿತ್ತು. ಎಚ್ಚರಾಗಿದ್ದೇ ತಡ, ಕಿರುಚಾಟ, ಒದೆತ. ನೋವಿನ ಔಷಧಿ ಕೊಟ್ಟಾಗಿತ್ತು. ಇನ್ನು ತಾಯಿಯ ಮಡಿಲೇ ಮದ್ದು ಎಂದು ಡಾಕ್ಟರು ಅವಳನ್ನು ಒಳಗೆ ಕರೆಸಿದರು. ಮಗು ಅವಳನ್ನೇ ದಿಟ್ಟಿಸಿ, "ನೀ ಯನ್ನ ಆಯಿ ಅಲ್ಲ!" ಎಂದುಬಿಟ್ಟಿತು.

ತಾಯಿ ನನ್ನತ್ತ ತಿರುಗಿದಳು. "ಸಿಸ್ಟರ್, ಯನ್ನ ಗುರ್ತೇ ಮರ್ತು ಹೋತನ?" ಎಂದಳು.

"ಸ್ವಲ್ಪ ಹೊತ್ತು ಹೀಗೇ ಅಮ್ಮ, ಮಂಪರು ತಾನಾಗಿ ಇಳಿಯುತ್ತೆ," ಎಂದೆ. ಅವಳು ಮಗುವನ್ನು ಎತ್ತಿಕೊಂಡು, "ಚಿನ್ನ, ಬಂಗಾರ, ಮುದ್ದೂ" ಎಂದು ಜೋಗುಳದ ದನಿಯಲ್ಲಿ ತೂಗಿದಳು. ಮುದ್ದು ಮಾಡಿದಷ್ಟೂ ಅಳು ಏರಿತು. ಕೊನೆಗೆ ಮಗು ಗ್ಲುಕೋಸಿನ ನಳಿಗೆ ಕೈ ಹಾಕಿ ಜಗ್ಗಿತು. ತಾಯಿ ಮುದ್ದೆಲ್ಲ ಮರೆತು ಗದರಿದಳು:

"ಏಯ್! ಎಳೆಯಡ! ಕೈ ತೆಗೀತ್ಯ ಇಲ್ಯ?"

ಅಳು ನಿಂತಿತು. ಮಗುವಿನ ಮೈ ಸಡಿಲವಾಯಿತು. ತಾಯಿಯ ಕುತ್ತಿಗೆಗೆ ಕೈ ಹಾಕಿ, ನಿದ್ದೆಗಣ್ಣಲ್ಲೇ, "ಆಯೀ, ಬಂದ್ಯ?" ಎಂದಿತು. ತಾಯಿ ಕಣ್ಣೊರೆಸಿಕೊಂಡು ಅಪ್ಪಿಕೊಂಡಳು.

ಮಗು ಅವಳ ಹೆಗಲ ಮೇಲಿಂದ ಆಚೀಚೆ ನೋಡಿ ಮೆಲ್ಲಗೆ ಕೇಳಿತು: "ಇಷ್ಟೊತ್ತು ಇಲ್ಲಿ ಚಿನ್ನ, ಬಂಗಾರ ಹೇಳ್ತಿದ್ದ ಒಂದು ಒಳ್ಳೆ ಅಕ್ಕ ಇತ್ತು. ಅದು ಎಲ್ಲಿ ಹೋತು?"