ಆಯ ತಪ್ಪದ ದೋಣಿ

ಹಲ್ಲಿನ ಡಾಕ್ಟರಾಗಿರುವುದರಲ್ಲಿ ಒಂದು ಸುಖವಿದೆ. ನಾವು ಏನು ಹೇಳಿದರೂ ಎದುರಿಗಿರುವವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಮನೆಯಲ್ಲಿ ನನ್ನ ಮಾತು ಸಾಮಾನ್ಯವಾಗಿ ಅರ್ಧಕ್ಕೇ ತುಂಡಾಗುತ್ತದೆ, ಕ್ಲಿನಿಕ್ಕಿನಲ್ಲಿ ಮಾತ್ರ ಪೂರ್ಣವಿರಾಮದವರೆಗೂ ಹೋಗಿ ಮುಟ್ಟುತ್ತದೆ. ಈ ಸುಖವೇ ನನ್ನನ್ನು ಕೆಡಿಸಿತು. ಹಾಯಿದೋಣಿಯೊಂದನ್ನು ನಾನೇ ಕಟ್ಟಬೇಕೆಂಬ ಆಸೆ ಮನಸ್ಸಿನಲ್ಲಿ ಇನ್ನೂ ಮೊಳಕೆಯೊಡೆಯುತ್ತಿದ್ದಾಗಲೇ ಸಾಗರದವರ ಹಲ್ಲು ತುಂಬುವಾಗ, ಹೊಸನಗರದವರ ಹಲ್ಲು ಉಜ್ಜುವಾಗ, ತೀರ್ಥಹಳ್ಳಿಯವರ ದವಡೆಯ ಅಚ್ಚು ತೆಗೆಯುವಾಗ ಅದನ್ನು ವಿವರವಾಗಿ ಹೇಳಿಬಿಟ್ಟೆ. ಅವರೆಲ್ಲ "ಆಂ, ಆಂ" ಎಂದರು. ನಾನದನ್ನು ಮೆಚ್ಚುಗೆ ಎಂದುಕೊಂಡೆ. ಹೀಗೆ ಒಂದು ಹಲಗೆಯನ್ನೂ ಕೊಳ್ಳುವ ಮೊದಲೇ ಮೂರು ತಾಲ್ಲೂಕಿಗೆ ಸುದ್ದಿ ಹಬ್ಬಿ, ಸಂತೆಯಲ್ಲಿ ಸೊಪ್ಪು ಮಾರುವವರೂ "ದೋಣಿ ನೀರಿಗೆ ಬಿತ್ತಾ ಡಾಕ್ಟ್ರೇ?" ಎಂದು ಕೇಳತೊಡಗಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಆಸೆ ಹುಟ್ಟಿದ್ದು ಶರಾವತಿ ಹಿನ್ನೀರಿನಲ್ಲಿ. ಹಿಂದೆ ಲಾಂಚಿನಲ್ಲಿ ಆಚೆ ದಡಕ್ಕೆ ಹೋಗುವಾಗಲೆಲ್ಲ, ಇಷ್ಟೊಂದು ನೀರಿದೆ, ಇಷ್ಟೊಂದು ಗಾಳಿ ಸುಮ್ಮನೆ ಹಾಳಾಗುತ್ತಿದೆ, ಒಂದು ಹಾಯಿ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತಿತ್ತು. ನನ್ನ ಹೆಂಡತಿ ವಾರಿಜಾಗೆ ಹಾಗೆಲ್ಲ ಅನ್ನಿಸುವುದಿಲ್ಲ. "ನಿಮಗೆ ಈಜು ಬರಲ್ಲ ಅನ್ನೋದು ನೆನಪಿದ್ಯಾ?" ಎಂದಳು. ದೋಣಿ ಇರುವುದೇ ಈಜು ಬಾರದವರಿಗಾಗಿ ಎಂದು ನಾನು ವಾದಿಸಿದೆ. ಕೊನೆಗೆ ಕಾರಿನ ಶೆಡ್ಡನ್ನು ಬಿಟ್ಟುಕೊಟ್ಟಳು. ಕಾರು ರಸ್ತೆ ಬದಿಯ ನೇರಳೆ ಮರದ ಕೆಳಗೆ ನಿಂತು, ಹಣ್ಣಿನ ಕಾಲದಲ್ಲಿ ಹಕ್ಕಿಗಳ ಕೃಪೆಯಿಂದ ತನ್ನ ಮೂಲ ಬಣ್ಣವನ್ನೇ ಮರೆತಿತು. ಆ ಕಾರಿನ ವಿಷಯವನ್ನು ನಮ್ಮ ಮನೆಯಲ್ಲಿ ಈಗಲೂ ಎತ್ತುವಂತಿಲ್ಲ.

ದೋಣಿ ಕಟ್ಟುವ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸಣ್ಣ ದೋಣಿಯನ್ನು ಮಗುಚಿ ಹಾಕಿಕೊಂಡೇ ಕಟ್ಟುತ್ತಾರೆ. ಮೊದಲು ನೆಲದ ಮೇಲೆ ಏಣಿಯಂಥ ಒಂದು ಗಟ್ಟಿ ಅಡಿಪಾಯ. ಅದರ ಮೇಲೆ, ನಮಗೆ ಪಕ್ಕೆಲುಬು ಇರುವಂತೆ, ಮರದ ಚೌಕಟ್ಟುಗಳನ್ನು ತಲೆಕೆಳಗಾಗಿ ಸಾಲಾಗಿ ನಿಲ್ಲಿಸಬೇಕು. ನಡುವಿನವು ಅಗಲ, ತುದಿಯವು ಕಿರಿದು. ನಟ್ಟನಡುವೆ ಒಂದು ದಾರ ಬಿಗಿದು, ಪ್ರತಿ ಚೌಕಟ್ಟಿನ ಮಧ್ಯವೂ ಆ ದಾರಕ್ಕೆ ಸರಿಯಾಗಿ ಬರುವಂತೆ ನೋಡಬೇಕು. ಆಮೇಲೆ ಮರದ ಉದ್ದನೆಯ ತೆಳು ರೀಪೊಂದನ್ನು ಮೂತಿಯಿಂದ ಬಾಲದವರೆಗೆ ಬಗ್ಗಿಸಿ ಇಟ್ಟರೆ, ಅದು ಎಲ್ಲ ಚೌಕಟ್ಟುಗಳನ್ನೂ ಮೆತ್ತಗೆ ಮುಟ್ಟಿಕೊಂಡು ಹೋಗಬೇಕು. ಹಾಗೆ ಹೋದರೆ ದೋಣಿ ಅರ್ಧ ಆದಂತೆ. ಹೋಗದಿದ್ದರೆ ಹಲಗೆ ಕೂರುವುದಿಲ್ಲ. ಹಲಗೆ ಕೂರದಿದ್ದರೆ ನೀರು ಒಳಗೆ ಬಂದು ನಮ್ಮ ಜೊತೆಯಲ್ಲೇ ಕೂರುತ್ತದೆ.

ಕಂಪ್ಯೂಟರಿನಲ್ಲಿ ಹುಡುಕಿ ತೆಗೆದ ನಕ್ಷೆಯನ್ನು ನಾನೇ ದೊಡ್ಡದಾಗಿ ಬರೆದೆ. ಚೌಕಟ್ಟು ಮಾಡಿಕೊಟ್ಟವರು ಇಕ್ಕೇರಿ ಕಡೆಯ ಬಡಗಿ ಗಣಪತಿ ಆಚಾರ್ರು. ನಮ್ಮ ಮನೆಯ ಬಾಗಿಲು, ಕಿಟಕಿ, ಮಂಚ ಎಲ್ಲ ಅವರ ಕೈಯವೇ. ದೋಣಿ ಮಾಡಿದ ಅಭ್ಯಾಸ ಅವರಿಗಿರಲಿಲ್ಲ. ನನಗೆ ಅದನ್ನು ಹತ್ತಿದ ಅಭ್ಯಾಸವೂ ಹೆಚ್ಚಿರಲಿಲ್ಲವಾದ್ದರಿಂದ ನಾವಿಬ್ಬರೂ ಸರಿಜೋಡಿ. ಹೆಬ್ಬಲಸಿನ ಮರದಲ್ಲಿ ಚೌಕಟ್ಟುಗಳನ್ನು ಮಾಡಿ, ಉಜ್ಜಿ ನುಣುಪಾಗಿಸಿ, ಆಟೋದಲ್ಲಿ ತಂದಿಳಿಸಿ, "ಒಳ್ಳೇದಾಗ್ಲಿ" ಎಂದು ಕೈಮುಗಿದು ಹೋದರು.

ಒಂದು ಭಾನುವಾರ ಪೂರ್ತಿ ಕೂತು ಅವನ್ನು ಸಾಲಾಗಿ ನಿಲ್ಲಿಸಿದೆ. ರಸಮಟ್ಟ ಇಟ್ಟೆ, ಮೂಲೆಮಟ್ಟ ಇಟ್ಟೆ, ತೂಕದ ಗುಂಡು ಬಿಟ್ಟೆ. ಎದುರು ಮನೆಯವರು ಬಂದು, ಎಲ್ಲ ಗೊತ್ತಿದ್ದೂ, "ಚಪ್ಪರ ಎಂತಕ್ಕೆ? ಯಾರ ಮದ್ವೆ?" ಎಂದು ಕೇಳಿ ಹೋದರು. ಸಂಜೆ ರೀಪು ತೆಗೆದುಕೊಂಡು ಬಗ್ಗಿಸಿ ಇಟ್ಟೆ. ಅಯ್ಯೋ ದೇವರೇ! ಮೊದಲನೆಯದನ್ನು ಮುಟ್ಟಿತು, ಎರಡನೆಯದರ ಮೇಲೆ ಗಾಳಿಯಲ್ಲಿ ತೇಲಿತು, ಮೂರನೆಯದು ಅದನ್ನು ಹೊರಗೆ ನೂಕಿತು, ನಾಲ್ಕನೆಯದು ಮುಖ ತಿರುಗಿಸಿಕೊಂಡು ಒಳಗೇ ಉಳಿಯಿತು. ಬಿಚ್ಚಿ ಮತ್ತೆ ನಿಲ್ಲಿಸಿದೆ. ಮತ್ತೆ ಅದೇ ಕಥೆ. ನಕ್ಷೆಯನ್ನು ಪುನಃ ನೋಡಿದೆ, ಅದರಲ್ಲಿ ತಪ್ಪಿರಲಿಲ್ಲ. ನೆಲ ಮಟ್ಟವಾಗಿಯೇ ಇತ್ತು. ಆಚಾರ್ರ ಅಳತೆಯನ್ನು ಪರೀಕ್ಷಿಸುವುದಂತೂ ನನಗೆ ಹೊಳೆಯಲೇ ಇಲ್ಲ. ಅವರ ಬಾಗಿಲು ಇಷ್ಟು ವರ್ಷಗಳಲ್ಲಿ ಒಂದು ಮಳೆಗಾಲಕ್ಕೂ ಬಿಗಿದಿಲ್ಲ. ಹಾಗಾದರೆ ಉಳಿದದ್ದು ಏನು? ನನ್ನ ಕಣ್ಣು ಮತ್ತು ನನ್ನ ಕೈ.

ಇದು ನಗುವ ವಿಷಯವಲ್ಲ. ನಾನು ಅನ್ನ ತಿನ್ನುತ್ತಿರುವುದೇ ಸೊಟ್ಟ ಯಾವುದು, ನೇರ ಯಾವುದು ಎಂದು ಕಣ್ಣಳತೆಯಲ್ಲಿ ಹೇಳುವುದರಿಂದ. ಕೂದಲೆಳೆಯಷ್ಟು ಆಚೀಚೆಯಾದರೂ ರೋಗಿ ಎರಡು ದಿನ ಅನ್ನ ಅಗಿಯಲಾರ. ಶೆಡ್ಡಿನಲ್ಲಿ ಬೆರಳಗಲದ ತಪ್ಪು ನನಗೆ ಕಾಣದೆ ಹೋಗಿದೆ ಎಂದರೆ ಬಾಯೊಳಗೆ ಇನ್ನೇನೇನು ಕಾಣದೆ ಹೋಗುತ್ತಿದೆಯೋ! ನಿಜವಾಗಿ ಹೆದರಿದೆ. ವಾರಿಜಾ ಕಾಫಿ ಕೊಟ್ಟರೆ ಲೋಟವನ್ನು ಎತ್ತಿ ಹಿಡಿದು ಕೈ ನಡುಗುತ್ತದೆಯೇ ಎಂದು ನೋಡತೊಡಗಿದೆ. ನಡುಗುತ್ತದೆಯೇ ಎಂದು ನೋಡುತ್ತ ಕೂತರೆ ಯಾವ ಕೈಯಾದರೂ ನಡುಗುತ್ತದೆ. ಕಣ್ಣಿನ ಡಾಕ್ಟರರ ಹತ್ತಿರ ಹೋಗೋಣವೆಂದರೆ ಧೈರ್ಯ ಸಾಲದು, ಡಾಕ್ಟರುಗಳಿಗೆ ಡಾಕ್ಟರೆಂದರೆ ಬಹಳ ಭಯ. ಕ್ಲಿನಿಕ್ಕಿನಲ್ಲಿ ಕಷ್ಟದ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿದೆ. ಅರಳಸುರಳಿಯ ಶಾರದಮ್ಮನವರು ಬಸ್ಸು ಬದಲಿಸಿಕೊಂಡು, ಕೆನ್ನೆಗೆ ಸೆರಗು ಒತ್ತಿಕೊಂಡು ಬರುತ್ತಿದ್ದರು. ಒಳದವಡೆಯಲ್ಲಿ ಅಡ್ಡಡ್ಡ ಮಲಗಿದ್ದ ಹಲ್ಲು. ಎರಡು ಸಲ ಮಾತ್ರೆ ಕೊಟ್ಟು ಕಳಿಸಿದೆ. ಎರಡನೇ ಸಲ ಅವರು ಬಾಯಿ ಮುಚ್ಚಿಕೊಂಡ ಮೇಲೆ ಬಾಯಿ ಬಿಟ್ಟರು: "ಎಂತ ಡಾಕ್ಟ್ರೇ, ನಿಮ್ಮ ದೋಣಿ ಮುಗಿಯೋವರೆಗೂ ನನ್ನ ಹಲ್ಲು ಕಾಯ್ಬೇಕಾ?"

ನಾನು ಸಾಂಬಾರಿನ ಸೌಟನ್ನೂ ಅನುಮಾನದಿಂದ ನೋಡುವುದನ್ನು ಕಂಡು ವಾರಿಜಾ ಬಾಯಿ ಬಿಡಿಸಿದಳು. ರೀಪು, ಕಣ್ಣು, ಕೈ ಎಲ್ಲ ಹೇಳಿದೆ. "ಅಷ್ಟೇನಾ? ನಾನು ಇನ್ನೇನೋ ಅಂದ್ಕೊಂಡಿದ್ದೆ" ಎಂದು ಅವಳೇ ಆಚಾರ್ರಿಗೆ ಫೋನು ಮಾಡಿದಳು.

ಆಚಾರ್ರು ಬಂದರು. ಚೌಕಟ್ಟುಗಳ ಸುತ್ತ ಒಂದು ಸುತ್ತು ಹೊಡೆದು, "ಚಂದಾಗಿ ನಿಂತಾವಲ್ಲ!" ಎಂದರು. ನಾನು ರೀಪು ಬಗ್ಗಿಸಿ ತೋರಿಸಿದೆ. "ನನ್ನ ಕಣ್ಣೇ ಹೋಗಿರಬೇಕು ಆಚಾರ್ರೇ" ಎಂದೆ.

"ಕಣ್ಣಿಗೆ ಎಂತ ಆಗಿದೆ? ಅದು ಹಂಗೇ ಬರ್ಬೇಕು. ಪ್ರತಿಯೊಂದನ್ನೂ ಆಯಕ್ಕೆ ಕೂರ್ಸಿದೀನಿ."

"ಏನಕ್ಕೆ?"

"ಆಯಕ್ಕೆ! ನೀವು ಕೊಟ್ಟ ಅಳತೇಲಿ ಎರಡನೇದು ಧೂಮಾಯಕ್ಕೆ ಬರ್ತಿತ್ತು. ಮೂರನೇದು ಶ್ವಾನಾಯ. ನಾಲ್ಕನೇದು ಕತ್ತೆ ಆಯ, ಹೇಳೋಕೇ ನಾಚ್ಕೆ. ಹೆಂಡ್ತಿ ಮಕ್ಳಿರೋರು ಕೂರೋ ಸಾಮಾನು ಡಾಕ್ಟ್ರೇ ಅದು. ಅದಕ್ಕೆ ಒಂದಕ್ಕೆ ಅರ್ಧ ಬೆರಳು ಇಳಿಸ್ದೆ, ಇನ್ನೊಂದಕ್ಕೆ ಒಂದು ಬೆರಳು ಏರಿಸ್ದೆ. ಈಗ ಎಲ್ಲಾನೂ ಧ್ವಜಾಯ. ಒಂದೂ ತಪ್ಪಿಲ್ಲ ನೋಡಿ!"

ನಮ್ಮ ಕಡೆ ಮನೆ ಕಟ್ಟುವಾಗ, ಮಂಚ ಮಾಡಿಸುವಾಗ ಉದ್ದಗಲ ಗುಣಿಸಿ ಎಂಟರಿಂದ ಭಾಗಿಸಿ, ಉಳಿದದ್ದು ಶುಭವೋ ಅಶುಭವೋ ಎಂದು ನೋಡುತ್ತಾರೆ. ಅದೇ ಆಯ, ಅದರಲ್ಲಿ ಧ್ವಜಾಯ ಎಲ್ಲಕ್ಕಿಂತ ಶುಭ. ಆ ಲೆಕ್ಕದಲ್ಲಿ ನಮ್ಮ ಮಂಚ ಗಜಾಯದ್ದು, ಬಾಗಿಲು ವೃಷಭಾಯದ್ದು. ಈಗ ದೋಣಿಯ ಪಕ್ಕೆಲುಬುಗಳು ಬೇರೆ ಬೇರೆಯಾಗಿ ಪರಮ ಮಂಗಳಕರವಾಗಿ, ಒಟ್ಟಿಗೆ ಸೇರಿದಾಗ ದೋಣಿಯೇ ಆಗದಂತೆ ನಿಂತಿದ್ದವು.

ಬೈಯಬೇಕಿತ್ತು. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ನನ್ನ ಕಣ್ಣು ಸರಿ ಇದೆ! ಕೈ ಸರಿ ಇದೆ! ಆಚಾರ್ರ ಎರಡೂ ಕೈ ಹಿಡಿದು ಕುಲುಕಿದೆ. ಅವರು ಇದು ಧ್ವಜಾಯದ ಸಂತೋಷ ಎಂದೇ ತಿಳಿದರು. ವಾರಿಜಾ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು, ಅಡಿಗೆಮನೆಯಿಂದ ನಗು ಶೆಡ್ಡಿನವರೆಗೂ ಕೇಳಿಸಿತು. ಮರುದಿನವೇ ಶಾರದಮ್ಮನವರನ್ನು ಕರೆಸಿ, ಕಾಫಿ ಆರುವುದರೊಳಗೆ ಆ ಅಡ್ಡ ಹಲ್ಲನ್ನು ತೆಗೆದೆ. "ಆಯ್ತಾ? ಇಷ್ಟಕ್ಕೇ ಇಷ್ಟು ದಿನ ಆಟ ಆಡ್ಸಿದ್ರಾ?" ಎಂದು ಅವರು ಹತ್ತಿ ಕಚ್ಚಿಕೊಂಡೇ ಬೈದರು. ಆ ಬೈಗುಳ ನನಗೆ ಹಾಲು ಕುಡಿದಷ್ಟು ಹಿತವಾಗಿತ್ತು.

ಆಚಾರ್ರನ್ನು ಹೇಗೋ ಒಪ್ಪಿಸಿದೆ. "ನಿಮ್ಮ ಇಷ್ಟ. ಕತ್ತೆ ಆಯದಲ್ಲಿ ಕೂತ್ಕೊಂಡು ಹೋಗ್ತೀನಿ ಅಂದ್ರೆ ನಾನೆಂತ ಹೇಳ್ಲಿ" ಎಂದು ಗೊಣಗುತ್ತಲೇ ನಕ್ಷೆಯ ಪ್ರಕಾರ ಹೊಸದಾಗಿ ಮಾಡಲು ಕೂತರು. ಕಣ್ಣೂ ಕೈಯೂ ವಾಪಸು ಸಿಕ್ಕ ಹುಮ್ಮಸ್ಸು ನನಗೆ ಎಷ್ಟಿತ್ತೆಂದರೆ, "ಒಂದನ್ನು ನನಗೆ ಬಿಡಿ, ನಾನೇ ಕೊಯ್ಯುತ್ತೇನೆ" ಎಂದೆ. ಕೊಯ್ದೆ ಕೂಡ. ಎಲ್ಲವನ್ನೂ ನಿಲ್ಲಿಸಿ, ಆಚಾರ್ರ ಎದುರಿಗೇ ರೀಪು ಬಗ್ಗಿಸಿದೆವು. ಮೂತಿಯಿಂದ ಬಾಲದವರೆಗೆ ಬೆಣ್ಣೆ ಸವರಿದಂತೆ ಕೂತಿತು, ಒಂದು ಕಡೆ ಬಿಟ್ಟು. ಆ ಒಂದು ಕಡೆ ರೀಪಿನ ಅಡಿಯಲ್ಲಿ ಹೆಬ್ಬೆರಳು ಸಲೀಸಾಗಿ ತೂರುತ್ತಿತ್ತು. ಯಾರ ಚೌಕಟ್ಟು ಎಂದು ಹೇಳಬೇಕಾಗಿಲ್ಲ.

ಆಚಾರ್ರು ಆ ಸಂದಿಯನ್ನು ನೋಡಿದರು. ನನ್ನನ್ನು ನೋಡಿದರು. "ಇದಕ್ಕೆ ಯಾವ ಆಯ ಹಿಡಿದ್ರಿ ಡಾಕ್ಟ್ರೇ?" ಎಂದರು.

"ಧ್ವಜಾಯ" ಎಂದೆ.

"ಅದನ್ನೇ ಅಲ್ವಾ ನಾನು ಮೊದ್ಲಿಂದ ಹೇಳ್ತಿದ್ದಿದ್ದು!" ಆಚಾರ್ರ ಮುಖ ಅರಳಿತು. ಅಲ್ಲೇ ಹಲಗೆಯ ಮೇಲೆ ಕೂತು ಎಲೆಯಡಿಕೆಯ ಸಂಚಿ ಬಿಚ್ಚಿ ಕವಳ ಹಾಕಿದರು. ಕವಳ ಹಲ್ಲಿಗೆ ಕೆಟ್ಟದ್ದು ಎಂದು ಮೂರು ತಾಲ್ಲೂಕಿಗೆ ಬುದ್ಧಿ ಹೇಳುವ ನಾನು, ಅವರ ಪಕ್ಕದಲ್ಲೇ ಕೂತು ನನಗೂ ಒಂದು ಎಲೆ ಕೊಡಿ ಎಂದು ಕೈ ಚಾಚಿದೆ.